ಗರಡಿಯ ಹೊತ್ತು, ಜಿಮ್ಮಿನ ಹೊತ್ತು: ಸಂಜೆಯ ಕಸರತ್ತು, ರಾತ್ರಿಯೂಟ ಮತ್ತು ನಿದ್ರೆ

ಸಾರಾಂಶ

ಸಂಜೆ ಭಾರ ಎತ್ತುವವರು ಮಲಗುವ ಮುನ್ನ ಉಣ್ಣಬೇಕೆ, ಬೇಡವೆ? ಸ್ನಾಯುವನ್ನು ಅಳೆದ ಪ್ರಯೋಗಗಳು ‘ಉಣ್ಣಿ’ ಎನ್ನುತ್ತವೆ. ನಿದ್ರೆಯನ್ನು ಅಳೆದವು ‘ತಡವಾಗಿ ಬೇಡ’ ಎನ್ನುತ್ತವೆ. ಆ ಪ್ರಯೋಗಗಳಲ್ಲಿ ನಿಜಕ್ಕೂ ಬಡಿಸಿದ್ದೇನು ಎಂದು ನೋಡಿದರೆ ಈ ವಿರೋಧ ಬಹುಮಟ್ಟಿಗೆ ಕರಗುತ್ತದೆ ಎಂಬುದು ಈ ಲೇಖನದ ವಾದ.

ಕೀಲಿಪದಗಳು: ಕಸರತ್ತು, ರಾತ್ರಿಯೂಟ, ಕೇಸಿನ್, ನಿದ್ರೆ, ಕೆಫೀನ್

1. ಪೀಠಿಕೆ

ದೇಹಕ್ಕೆ ಊರೆಗೋಲಾಗಿರುವ ಮೂರನ್ನು ಚರಕಸಂಹಿತೆಯ ಸೂತ್ರಸ್ಥಾನ ಹೆಸರಿಸುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ಗರಡಿಮನೆಯ ಶಿಸ್ತು ಈ ಮೂರನ್ನೂ ನೆಚ್ಚಿಕೊಂಡದ್ದು. ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಎಷ್ಟು ಮುಖ್ಯವೋ ನಸುಕಿನಲ್ಲೆದ್ದು ಮಟ್ಟಿಗಿಳಿಯುವುದೂ ಅಷ್ಟೇ ಮುಖ್ಯ. ನಸುಕಿನಲ್ಲಿ ಏಳಬೇಕಾದವನು ರಾತ್ರಿ ಬೇಗ ಉಂಡು ಮಲಗಲೇಬೇಕು.

ಬೆಂಗಳೂರಿನ ಜಿಮ್ ತುಂಬುವುದು ಆಫೀಸು ಬಿಟ್ಟ ಮೇಲೆ. ಎಂಟಕ್ಕೆ ಕಸರತ್ತು, ಒಂಬತ್ತೂವರೆಗೆ ಮನೆ, ಹತ್ತಕ್ಕೆ ಎರಡು ಮುದ್ದೆ, ಕೋಳಿಸಾರು, ಮೇಲೊಂದಿಷ್ಟು ಅನ್ನ, ಹನ್ನೊಂದಕ್ಕೆ ಹಾಸಿಗೆ. ದಣಿದ ಮೈಗೆ ನಿದ್ದೆ ಹತ್ತಬೇಕು, ಹತ್ತುವುದಿಲ್ಲ. ಹುಳಿತೇಗು, ಎದೆಯುರಿ, ಮಗ್ಗುಲು ಬದಲಿಸುವುದರಲ್ಲೇ ಹನ್ನೆರಡಾಗುತ್ತದೆ. ಪೈಲ್ವಾನರ ಊಟವನ್ನು ನಾವು ಉಳಿಸಿಕೊಂಡೆವು, ಅವರ ಹೊತ್ತನ್ನು ಕೈಬಿಟ್ಟೆವು.

2. ಸ್ನಾಯುವಿನ ಸಾಕ್ಷ್ಯ

ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಯುವಕರು ಸಂಜೆ ಕಸರತ್ತು ಮಾಡಿದರು. ಮಲಗುವ ಅರ್ಧ ಗಂಟೆ ಮುಂಚೆ 40 ಗ್ರಾಂ ಕೇಸಿನ್ (ಹಾಲಿನ ಮುಖ್ಯ ಪ್ರೋಟೀನ್) ಕುಡಿದವರಲ್ಲಿ ರಾತ್ರಿಯಿಡೀ ಸ್ನಾಯುವಿನ ಪ್ರೋಟೀನ್ ಕಟ್ಟಿಕೊಳ್ಳುವ ವೇಗ ಸುಮಾರು 22 ಪ್ರತಿಶತ ಹೆಚ್ಚಿತ್ತು. ಅದೇ ಬಳಗದ 2015ರ ಅಧ್ಯಯನದಲ್ಲಿ 44 ಯುವಕರು 12 ವಾರ ತರಬೇತಿ ಪಡೆದರು. ಪ್ರತಿ ರಾತ್ರಿ 27.5 ಗ್ರಾಂ ಪ್ರೋಟೀನ್, 15 ಗ್ರಾಂ ಕಾರ್ಬೊಹೈಡ್ರೇಟ್ ಇದ್ದ ಪೇಯ ಕುಡಿದವರ ಬಲವೂ ಸ್ನಾಯುವೂ ಹೆಚ್ಚು ಬೆಳೆದವು.

ಇಲ್ಲಿ ಎರಡು ತೊಡಕುಗಳಿವೆ. ಎದುರು ಗುಂಪಿಗೆ ಸಿಕ್ಕಿದ್ದು ಶಕ್ತಿಯಿಲ್ಲದ ಪೇಯ. ಆದ್ದರಿಂದ ಲಾಭ ಮಲಗುವ ಹೊತ್ತಿನದೋ ದಿನದ ಒಟ್ಟು ಪ್ರೋಟೀನಿನದೋ ಎಂದು ಬೇರ್ಪಡಿಸಲಾಗದು. 49 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಆಸುಪಾಸಿನಾಚೆ ಹೆಚ್ಚುವರಿ ಲಾಭ ಕಾಣಲಿಲ್ಲ. ಎರಡನೆಯದು, ಈ ಪ್ರಯೋಗಗಳ ಮುಖ್ಯ ಅಳತೆ ಸ್ನಾಯುವಿನದು, ನಿದ್ರೆಯದಲ್ಲ.

3. ನಿದ್ರೆಯ ಸಾಕ್ಷ್ಯ

ಸಿಡ್ನಿ ವಿಶ್ವವಿದ್ಯಾಲಯದವರು 2007ರಲ್ಲಿ 12 ಆರೋಗ್ಯವಂತ ಗಂಡಸರಿಗೆ ಅನ್ನ ಬಡಿಸಿ ಅಳೆದರು. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಜಾಸ್ಮಿನ್ ಅಕ್ಕಿಯ ಅನ್ನವನ್ನು ಮಲಗುವ ನಾಲ್ಕು ಗಂಟೆ ಮುಂಚೆ ಉಂಡಾಗ 9 ನಿಮಿಷಕ್ಕೆ ನಿದ್ದೆ ಹತ್ತಿತು; ನಿಧಾನವಾಗಿ ಏರಿಸುವ ಅಕ್ಕಿಯಾದರೆ 17.5 ನಿಮಿಷ. ಜಾಸ್ಮಿನ್ ಅನ್ನವನ್ನೇ ಒಂದು ಗಂಟೆ ಮುಂಚೆ ಉಂಡಾಗ ಹಿಡಿದದ್ದು 14.6 ನಿಮಿಷ. ಅನ್ನದಿಂದ ಏರುವ ಇನ್ಸುಲಿನ್ ಇತರ ದೊಡ್ಡ ಅಮೈನೋ ಆಮ್ಲಗಳನ್ನು ಸ್ನಾಯುವಿನೊಳಕ್ಕೆ ಕಳಿಸುತ್ತದೆ. ಅವುಗಳ ಜತೆ ಪೈಪೋಟಿಯಲ್ಲಿದ್ದ, ನಿದ್ರೆಗೆ ನೆರವಾಗುವ ಟ್ರಿಪ್ಟೊಫಾನ್‌ಗೆ ಮಿದುಳಿನ ದಾರಿ ತೆರವಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆದರೆ ಆ ಊಟದ ಶಕ್ತಿಯಲ್ಲಿ ಸುಮಾರು 90 ಪ್ರತಿಶತ ಕಾರ್ಬೊಹೈಡ್ರೇಟಿನದೇ ಎಂಬುದನ್ನು ಮರೆಯಬಾರದು. ಮಾಂಸದ ಸಾರು, ಕಾಳಿನ ಪಲ್ಯ ಸೇರಿದ ನಮ್ಮ ತಟ್ಟೆಗೆ ಈ ಅಂಕಿಗಳನ್ನು ಹಾಗೆಯೇ ಅಂಟಿಸಲಾಗದು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನ (26 ಜನ) ನಾರು ಹೆಚ್ಚಿದ್ದ ದಿನ ಗಾಢನಿದ್ರೆ ಹೆಚ್ಚು, ಪರ್ಯಾಪ್ತ ಕೊಬ್ಬು ಹೆಚ್ಚಿದ್ದ ದಿನ ಕಡಿಮೆ ಎಂಬ ನಂಟನ್ನು ಕಂಡಿತು. ಖಾರದ ಪಾತ್ರವೂ ಇದೆ: ಆಸ್ಟ್ರೇಲಿಯಾದಲ್ಲಿ ಆರು ಯುವಕರ ಮೇಲೆ ನಡೆದ 1992ರ ಸಣ್ಣ ಪ್ರಯೋಗದಲ್ಲಿ ಸಾಸಿವೆ ಮತ್ತು ಟಬಾಸ್ಕೊ ಸಾಸ್ ಬೆರೆತ ರಾತ್ರಿಯೂಟ ಮೈಬಿಸಿ ಏರಿಸಿ ನಿದ್ರೆ ಕೆಡಿಸಿತು.

ಹೀಗೆ ಕಳೆದುಕೊಂಡ ನಿದ್ರೆಗೆ ಸ್ನಾಯುವೂ ಬೆಲೆ ತೆರುತ್ತದೆ. ಆಸ್ಟ್ರೇಲಿಯಾದ 2021ರ ಅಧ್ಯಯನವೊಂದರಲ್ಲಿ ಒಂದೇ ಒಂದು ರಾತ್ರಿ ಪೂರ್ತಿ ಎಚ್ಚರವಿದ್ದವರಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟಿಕೊಳ್ಳುವ ವೇಗ 18 ಪ್ರತಿಶತ ಕುಸಿಯಿತು. ತಡವಾದ ಊಟ ಇಡೀ ರಾತ್ರಿಯನ್ನೇನೂ ಕಸಿಯದು. ಆದರೂ ದಿಕ್ಕು ಯಾವುದೆಂದು ಇದರಿಂದ ತಿಳಿಯುತ್ತದೆ.

4. ಲೋಟದ ಲೆಕ್ಕ

ಎರಡೂ ಸಾಕ್ಷ್ಯಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವುದಿಷ್ಟು: ಮಾಸ್ಟ್ರಿಕ್ಟ್‌ನಲ್ಲಿ ಕೊಟ್ಟದ್ದು ಊಟವಲ್ಲ, ಜಿಡ್ಡಿಲ್ಲದ ಒಂದು ಲೋಟ ಪೇಯ. ಅದನ್ನು ಮನೆಯ ಹಾಲಿಗೆ ಇಳಿಸಿ ನೋಡೋಣ. ಹಸುವಿನ ಹಾಲಿನ 100 ಮಿಲಿಲೀಟರಿನಲ್ಲಿ ಪ್ರೋಟೀನ್ ಸುಮಾರು 3.2 ಗ್ರಾಂ, ಅದರಲ್ಲಿ ಕೇಸಿನ್ ಸುಮಾರು 80 ಪ್ರತಿಶತ. 40 ಗ್ರಾಂ ಕೇಸಿನ್ ಬೇಕೆಂದರೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಹಾಲು ಕುಡಿಯಬೇಕು. ಕೆನೆ ತೆಗೆಯದ ಹಾಲಾದರೆ ಜತೆಗೆ 50 ಗ್ರಾಮಿಗೂ ಮಿಕ್ಕಿದ ಕೊಬ್ಬು, ಹೊಟ್ಟೆಯ ತುಂಬ ನೀರು. ಮೊದಲನೆಯದು ಜೀರ್ಣಕ್ಕೆ ತಡ, ಎರಡನೆಯದು ನಡುರಾತ್ರಿ ಬಚ್ಚಲಿಗೆ ಎಬ್ಬಿಸುತ್ತದೆ. ‘ಮಲಗುವ ಮುನ್ನ ಪ್ರೋಟೀನ್’ ಎಂಬ ಮಾತನ್ನು ಹತ್ತು ಗಂಟೆಯ ಬಾಡೂಟಕ್ಕೆ ಪರವಾನಗಿಯಾಗಿ ಓದುವುದು ಈ ಲೆಕ್ಕ ಮಾಡದ ತಪ್ಪು.

5. ಕೆಫೀನಿನ ಪಾಲು

ಊಟದ ಮೇಲೆ ಹೊರಿಸುವ ದೂರು ಎಷ್ಟೋ ಸಲ ಕಸರತ್ತಿಗೆ ಮುಂಚೆ ಕುಡಿಯುವ ಕೆಫೀನ್ ಬೆರೆತ ಪುಡಿಗೆ ಸಲ್ಲಬೇಕಾದದ್ದು. ಮಲಗುವ ಆರು ಗಂಟೆ ಮುಂಚೆ ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಕೂಡ ಒಂದು ಗಂಟೆಗೂ ಹೆಚ್ಚು ನಿದ್ರೆ ಕಸಿದದ್ದನ್ನು 2013ರ ಅಧ್ಯಯನ ತೋರಿಸಿದೆ. ಕೆಫೀನಿನ ಅರ್ಧಾಯು ಸುಮಾರು ಐದು ಗಂಟೆ. ಏಳಕ್ಕೆ 300 ಮಿಲಿಗ್ರಾಂ ಸೇವಿಸಿದವರ ಮೈಯಲ್ಲಿ ಹನ್ನೆರಡಕ್ಕೂ 150ರಷ್ಟು ಉಳಿದಿರುತ್ತದೆ. ಅಂಥವರು ಮುದ್ದೆಯನ್ನು ದೂರಿ ಫಲವಿಲ್ಲ.

6. ಉಪಸಂಹಾರ

ಈ ಸಾಕ್ಷ್ಯಗಳಿಂದ ಹೊರಡುವ ಅನುಮಾನ ಊಟವನ್ನು ಬಿಡುವುದಲ್ಲ, ಒಡೆಯುವುದು. ಮುದ್ದೆ ಅಥವಾ ಅನ್ನದ ದೊಡ್ಡ ಪಾಲು, ಕಾಳುಸಾರಿನ ಜತೆ, ಐದೂವರೆ ಆರರ ಹೊತ್ತಿಗೆ. ಕಸರತ್ತು ಮುಗಿದ ಮೇಲೆ ಒಂದು ಬಟ್ಟಲು ಮೊಸರನ್ನ, ಎರಡು ಬೇಯಿಸಿದ ಮೊಟ್ಟೆ, ಅಥವಾ ಕೆನೆ ತೆಗೆದ ಹಾಲು. ಮಧ್ಯಾಹ್ನದ ನಂತರ ಕೆಫೀನ್ ಬೇಡ. ದಿನದ ಪ್ರೋಟೀನನ್ನು ಬೆಳಗಿನ ತಿಂಡಿಯಿಂದಲೇ ಹಂಚಿಕೊಂಡರೆ ರಾತ್ರಿಯ ತಟ್ಟೆ ತಾನಾಗಿ ಹಗುರಾಗುತ್ತದೆ. ನಮ್ಮ ಊಟವನ್ನೇ ಬಡಿಸಿ, ನಿದ್ರೆ ಮತ್ತು ಸ್ನಾಯು ಎರಡನ್ನೂ ಒಂದೇ ಜನರಲ್ಲಿ ಅಳೆದು ಈ ಅನುಮಾನವನ್ನು ಪರೀಕ್ಷಿಸಬಹುದು.

ಚರಕಸಂಹಿತೆ ನಿದ್ರೆ ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲಿಗೆ ಅಗ್ರಸ್ಥಾನ ಕೊಟ್ಟಿದೆ. ನಸುಕಿಗೆ ಏಳಬೇಕಾದ ಪೈಲ್ವಾನನಿಗೆ ಅದು ಬೇಗ ಕುಡಿದು ಬೇಗ ಮಲಗುವ ಹಾಲು. ಅದೇ ಹಾಲು ರಾತ್ರಿ ಹತ್ತೂವರೆಗೆ, ಕೋಳಿಸಾರಿನ ಮೇಲೆ ಹೊಟ್ಟೆಗಿಳಿದರೆ ಅದರಿಂದ ಅದೇ ನಿದ್ರೆಯನ್ನು ಕೇಳುವುದು ಹಾಲಿಗೆ ಮಾಡುವ ಅನ್ಯಾಯ.