ಕ್ಲಾಸೊಪೊಲಿಸ್
ಅಳಿದುಹೋದ ಕೈರೊಲೆಪಿಡಿಯೇಸಿ ಕುಟುಂಬದ ಶಂಕುಧಾರಿ ಮರಗಳ ಪರಾಗಕಣ. ಟ್ರಯಾಸಿಕ್ ಅವಧಿಯ ಕೊನೆಯಿಂದ ಕ್ರಿಟೇಷಿಯಸ್‌ವರೆಗಿನ ಶಿಲೆಗಳಲ್ಲಿ ಹೇರಳ. ಬಿಡಿ ಕಣ ಯಾವ ಮರದ್ದೆಂದು ತಾನಾಗಿ ಹೇಳದು. ಕ್ಲಾಸೊಸ್ಟ್ರೋಬಸ್ ಎಂಬ ಪಳೆಯುಳಿಕೆ ಗಂಡುಶಂಕುಗಳ ಪರಾಗಕೋಶಗಳೊಳಗೆ ಇಂಥವೇ ಕಣಗಳು ಸಿಕ್ಕಿರುವುದು ಕಣಕ್ಕೂ ಈ ಮರಗಳಿಗೂ ಇರುವ ನಂಟಿಗೆ ನೇರ ಸಾಕ್ಷಿ. ಶಂಕುವಿನ ಮಹತ್ವ ಇರುವುದು ಇಲ್ಲಿಯೇ. ಕಣ ದುಂಡಗೆ, ಸುಮಾರು 30 ಮೈಕ್ರಾನ್ ಅಗಲ. ನಡುವಿಗೆ ಗೆರೆಗೆರೆಯ ದಪ್ಪ ಪಟ್ಟಿ, ಅದರ ಪಕ್ಕದಲ್ಲೇ ಕಣವನ್ನು ಸುತ್ತುವ ತೋಡು. ಪೈನ್ ಪರಾಗಕ್ಕಿರುವ ಗಾಳಿಚೀಲಗಳು ಇದಕ್ಕಿಲ್ಲ. ಎಷ್ಟೋ ವೇಳೆ ನಾಲ್ಕು ಕಣಗಳು ಹುಟ್ಟಿದಾಗ ಇದ್ದಂತೆಯೇ ಅಂಟಿಕೊಂಡು ಉಳಿದಿರುವುದು ನಿಜಕ್ಕೂ ಬೆರಗಿನ ಸಂಗತಿ. ಹೊರಗೋಡೆಯ ಸ್ಪೋರೊಪೊಲೆನಿನ್ ಎಂಬ ವಸ್ತು ಸುಲಭಕ್ಕೆ ಕೊಳೆಯದು. ಬಂಡೆಯನ್ನು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರೂ ಕಣ ಉಳಿಯುತ್ತದೆ. ಇವು ದಟ್ಟವಾಗಿರುವ ಪದರಗಳನ್ನು ಬಿಸಿ, ಒಣ ಹವೆಯ ಗುರುತೆಂದು ಭಾವಿಸುವುದು ವಾಡಿಕೆ. ಕರಾವಳಿಯ ಜೌಗಿನಲ್ಲೂ ಈ ಮರಗಳು ಬೆಳೆದಿದ್ದುದರಿಂದ ಆ ತೀರ್ಮಾನಕ್ಕೆ ಎಚ್ಚರ ಬೇಕು.