ಸಾಲು ಮುರಿದು ಹಾಡಾದದ್ದು

2008ರಲ್ಲಿ ಬಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ತತ್ತ್ವಪದಗಳೂ ಇದ್ದವು. ಮೈಸೂರಿನಲ್ಲಿ ಬೆಳೆದ ಗಾಯಕ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶರೀಫರ ಗುಡುಗುಡಿಯ ಪದ ಹಾಡುತ್ತಿದ್ದರು. ಇಂಥ ಪ್ರಯೋಗ ಕಂಡಾಗ ನಮ್ಮಲ್ಲಿ ಎರಡೇ ಮಾತು: ಜಾನಪದ ಕೆಟ್ಟಿತು ಎನ್ನುವುದೊಂದು, ಹೊಸ ಹುಡುಗರಿಗೆ ಅಧ್ಯಾತ್ಮ ತಲುಪಿತು ಎನ್ನುವುದೊಂದು. ಹೊಗಳುವವರೂ ತೆಗಳುವವರೂ ನೋಡುವುದು ಗಿಟಾರನ್ನೇ. ಆದರೆ ಮಂಡ್ಯ ಜಿಲ್ಲೆಯ ನಾಗಮಂಗಲದ ಹೊಣಕೆರೆ ಸೀಮೆಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಬದಲಾದದ್ದು ವಾದ್ಯವಲ್ಲ, ಹೊತ್ತು. ಇರುಳಿಡೀ ನಡೆಯುತ್ತಿದ್ದ ಹಾಡು ನಾಲ್ಕೈದು ನಿಮಿಷಕ್ಕೆ ಇಳಿದದ್ದೇ ಇಲ್ಲಿನ ದೊಡ್ಡ ಸಂಗತಿ. ಅದು ಗಿಟಾರ್ ಬರುವುದಕ್ಕೆ ಬಹಳ ಮುಂಚೆಯೇ ಆಗಿಹೋಗಿತ್ತು.

ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ; ಜನರ ಬಾಯಲ್ಲಿ ಅವರು ತಂಬೂರಿಯವರು. ಮುಖ್ಯ ಹಾಡುಗಾರನ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಹಿಂದೆ ಕೂತವರು ತಾಳ ಹಾಕುತ್ತ ಸೊಲ್ಲು, ಅಂದರೆ ಪಲ್ಲವಿ, ಕೊಡಬೇಕು. ಹಾಡು, ಮಾತು, ನಗೆಚಾಟಿಕೆ ಎಲ್ಲ ಕಲೆತ ಆ ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಅದರ ಕಲ್ಯಾಣದ ಸಾಲನ್ನೇ ನೋಡಿ. ಬಸವಣ್ಣನ ಮಹಾಮನೆಯಲ್ಲಿ ಉಣ್ಣುವ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಲ್ಲಿ ನಿಜ ಶರಣರು ಎಷ್ಟು ಮಂದಿ ಎಂದು ಒರೆಗೆ ಹಚ್ಚಲು ಮಂಟೇಸ್ವಾಮಿ ಮೈಯೆಲ್ಲ ಕೊಳೆತು ನಾರುವ ರೋಗಿಯ ರೂಪದಲ್ಲಿ ಬರುತ್ತಾನೆ. ಜಂಗಮರು ಅವನನ್ನು ತಿಪ್ಪೆಗೆ ಎಸೆಯುತ್ತಾರೆ. ವಚನಕಾರರ ಕಲ್ಯಾಣವನ್ನು ಓದು ಬರಹದ ಆಚೆಗಿದ್ದ ಜನ ಹೀಗೆ ತಮ್ಮದಾಗಿಸಿಕೊಂಡು, ಅದಕ್ಕೇ ಸವಾಲು ಹಾಕಿ ಕಟ್ಟಿದ ಹಾಡು ಇದು. ಸಾಹಿತ್ಯ, ಅಧ್ಯಾತ್ಮಗಳನ್ನು ಎತ್ತಿಕೊಂಡು ಹಾಡಿಗೆ ತರುವುದು ಪಾಪ್ ತಂಡಗಳ ಕಾಲದ ಶೋಧ ಎನ್ನುವವರಿಗೆ ಈ ಸಾಲೊಂದೇ ಸಾಕು. ಅತ್ತ ಆದಿಚುಂಚನಗಿರಿಯ ಭೈರವನ ಹೆಸರಿನಲ್ಲಿ ಕಿನ್ನರಿ ನುಡಿಸಿ ಭಿಕ್ಷೆಗೆ ಬರುತ್ತಿದ್ದ ಜೋಗಿಗಳಿಗೂ ಭಕ್ತಿ ಬೇರೆ, ಹೊಟ್ಟೆಪಾಡು ಬೇರೆ ಎಂಬ ಭೇದ ಇರಲಿಲ್ಲ. ಹಾಡಿ ದುಡ್ಡು ಪಡೆದರೆ ಪದ ಮೈಲಿಗೆಯಾಗುತ್ತದೆ ಎಂಬ ಮಡಿವಂತಿಕೆ ಪೇಟೆಯದು.

ಈ ಬಾಯಿಪಾಠವನ್ನು ಮೊದಲು ನಿಲ್ಲಿಸಿ ಹಿಡಿದದ್ದು ಪುಸ್ತಕ. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯ 1973ರಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಅಚ್ಚಿಗೆ ತಂದರು. ಅದೇ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಪದಗಳನ್ನು ಕೂಡಿಸುತ್ತ ಹೋಗಿ ರಾಮನಗರದಲ್ಲಿ ಜಾನಪದ ಲೋಕವನ್ನೇ ಕಟ್ಟಿದರು. ಇವರು ಮಾಡಿದ್ದು ಉಪಕಾರವೇ, ಅನುಮಾನವಿಲ್ಲ. ಆದರೂ ಅಚ್ಚಾದ ಸಾಲಿಗೆ ಸೊಲ್ಲು ಕೊಡುವವರಿಲ್ಲ, ಹ್ಞೂಂಗುಟ್ಟುವವರಿಲ್ಲ. ಇನ್ನೊಂದು ಕಡೆಯಿಂದ ಗ್ರಾಮಫೋನ್ ತಟ್ಟೆ ಹಾಡನ್ನು ಮೂರು ನಿಮಿಷದ ಆಸುಪಾಸಿಗೆ ಕತ್ತರಿಸಿಬಿಟ್ಟಿತ್ತು. 1978ರ ‘ನಿತ್ಯೋತ್ಸವ’ದಿಂದ ಭಾವಗೀತೆ ಕ್ಯಾಸೆಟ್ಟಿಗೆ ಏರಿದಾಗ ಅದೇ ಅಳತೆ ಉಳಿಯಿತು. ಕೆ.ಆರ್. ಪೇಟೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ ಪ್ರಕಟಿಸಿದ ‘ಮೈಸೂರ ಮಲ್ಲಿಗೆ’ಯನ್ನು ಸಿ. ಅಶ್ವಥ್ ಮನೆಮನೆಗೆ ಮುಟ್ಟಿಸಿದ್ದು ಈ ಅಳತೆಯೊಳಗೇ. ಶರೀಫರ ಪದಗಳನ್ನು ಹಳೆ ಮೈಸೂರಿನ ಕಿವಿಗೆ ಹಾಕಿದವರೂ ಅವರೇ; 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತ ಅವರದು. ಪಾಪ್ ತಂಡಗಳು ಬರುವ ಹೊತ್ತಿಗೆ ಅಚ್ಚು ತಯಾರಾಗಿತ್ತು, ಅವರು ಎರಕ ಹೊಯ್ದರು ಅಷ್ಟೆ.

ಶರೀಫರು ಹಾವೇರಿ ಸೀಮೆಯವರು, ಅವರ ಪದ ಮೊದಲಿಂದಲೂ ಚಿಕ್ಕದೇ, ಇರುಳಿಡೀ ಹಾಡುವ ಕಾವ್ಯದ ಜೊತೆ ಅದನ್ನು ತೂಗುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಪದ ಚಿಕ್ಕದು ನಿಜ, ಭಜನೆಯ ಕೂಟ ಚಿಕ್ಕದಲ್ಲ. ಒಂದು ಪದಕ್ಕೆ ಇನ್ನೊಂದು ಪದ ಉತ್ತರವಾಗುತ್ತದೆ, ನಡುವೆ ಅರ್ಥ ಬಿಡಿಸುವವರು ಇರುತ್ತಾರೆ. ಶರೀಫರ ಪದದ ಸೋರುವ ಮಾಳಿಗೆ ಎಂದರೆ ಈ ದೇಹ ಎಂದು ಯಾರೂ ಬಿಡಿಸದೆ ಹೋದರೆ ಅದು ಮಳೆಗಾಲದ ಹಾಡಾಗಿಬಿಡುತ್ತದೆ! ಪಾಪ್ ಆಲ್ಬಂ ಕಳೆದುಕೊಂಡದ್ದು ಈ ನೆರೆಹೊರೆಯನ್ನು. ಮೇಲುಕೋಟೆಯ ಪು.ತಿ.ನ. ಅವರು ‘ಗೋಕುಲ ನಿರ್ಗಮನ’ದಂಥ ಗೇಯನಾಟಕ ಬರೆದಾಗ ಹಾಡುಗಳನ್ನು ಬಿಡಿಬಿಡಿಯಾಗಿ ಬಿಡದೆ ಕಥೆಯ ದಾರಕ್ಕೆ ಪೋಣಿಸಿದ್ದು ನೆನಪಾಗುತ್ತದೆ.

ಯಂತ್ರದ ಅಳತೆಗೆ ಬಗ್ಗದೆ ಬೇರೆ ದಾರಿಯೇ ಇರಲಿಲ್ಲ ಎಂಬ ಸಮಜಾಯಿಷಿಯೂ ಉಂಟು. ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಇದೇ ಜಿಲ್ಲೆಯ ಮಳವಳ್ಳಿ ಮಹದೇವಸ್ವಾಮಿ ಅದೇ ಕ್ಯಾಸೆಟ್ಟನ್ನು ಬೇರೆ ಬಗೆಯಲ್ಲಿ ಬಳಸಿದರು. ಮಂಟೇಸ್ವಾಮಿ, ಅವನ ಶಿಷ್ಯ ಸಿದ್ದಪ್ಪಾಜಿ, ಮಾದಪ್ಪನ ಕಥೆಗಳನ್ನು ಅವರು ತುಣುಕು ಹಾಡಾಗಿಸದೆ ಮಾತು, ಪದ, ಸೊಲ್ಲು ಸಮೇತ ಕಥೆಯಾಗಿಯೇ ಹಾಡಿದರು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತೇ ನಿಮಿಷ. ಹಲಗೂರಿನ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷೆಗೆಂದು ಹೊರಟ ಸಿದ್ದಪ್ಪಾಜಿ ಅಷ್ಟರಲ್ಲಿ ಊರು ಮುಟ್ಟದಿದ್ದರೆ ಕೇಳುವವರು ಎದ್ದು ಬಂದು ಕ್ಯಾಸೆಟ್ಟನ್ನು ಮಗುಚಿ ಹಾಕಬೇಕಿತ್ತು.