‘ಹೇಸ್ಟ್’ ಮತ್ತು ‘ಸ್ಪೀಡ್’: ಒಂದು ಗಾದೆಯ ಹಿಂದಿನ ಅರ್ಥಚರಿತ್ರೆ

ಇಂಗ್ಲಿಷಿನ ‘ಹೇಸ್ಟ್’ ಪದಕ್ಕೆ ಕನ್ನಡದಲ್ಲಿ ಅವಸರ, ಆತುರ, ತ್ವರೆ ಎಂಬ ಪದಗಳನ್ನೂ ‘ಸ್ಪೀಡ್’ ಪದಕ್ಕೆ ವೇಗ ಎಂಬುದನ್ನೂ ಬಳಸುವುದು ರೂಢಿ. ‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ ಎಂಬ ಗಾದೆಯಲ್ಲಿ ಈ ರೂಢಿ ತೊಡಕಿಗೆ ಸಿಲುಕುತ್ತದೆ. ಅವಸರ ಹೆಚ್ಚಿದಂತೆ ವೇಗ ಕುಗ್ಗುತ್ತದೆ ಎಂಬ ಮಾತು ಇಂದಿನ ಓದುಗರಿಗೆ ವಿರೋಧಾಭಾಸವಾಗಿ ತೋರುತ್ತದೆ. ಈ ವಿರೋಧಾಭಾಸವು ಬಹುಮಟ್ಟಿಗೆ ಅರ್ಥಪಲ್ಲಟದ ಫಲವೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

‘ಹೇಸ್ಟ್’ ಮಧ್ಯಕಾಲೀನ ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ ಬಂದ ಪದ. ಆದರೆ ಫ್ರೆಂಚ್ ಅದನ್ನು ಪಡೆದದ್ದು ಜರ್ಮಾನಿಕ್ ಮೂಲದಿಂದ. ಆ ಮೂಲಕ್ಕೆ ಸಂಬಂಧಿಸಿದ ಗಾಥಿಕ್ ಪದಕ್ಕೆ ಕಲಹವೆಂದೂ ಹಳೆಯ ಇಂಗ್ಲಿಷ್ ಪದಕ್ಕೆ ಹಿಂಸೆಯೆಂದೂ ಅರ್ಥ. ಹೀಗೆ ಜರ್ಮಾನಿಕ್ ಪದವೊಂದು ರೋಮಾನ್ಸ್ ಭಾಷೆಯ ಮನೆಯಲ್ಲಿ ಬೆಳೆದು, ತ್ವರೆಯ ಅರ್ಥವನ್ನು ಹೊತ್ತು ತವರಿಗೆ ಮರಳಿತು. ಡಚ್ಚಿನ ‘ಹಾಸ್ಟ್’, ಜರ್ಮನ್ನಿನ ‘ಹಸ್ಟ್’ ಪದಗಳೂ ಇದೇ ದಾರಿಯಲ್ಲಿ ಮರಳಿದವು.

‘ಸ್ಪೀಡ್’ ಪದದ ನಡೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಮುಖ್ಯಾರ್ಥ ಯಶಸ್ಸು, ಸಮೃದ್ಧಿ. ಪ್ರಯಾಣಿಕರಿಗೆ ಶುಭ ಹಾರೈಸುವ ‘ಗಾಡ್‌ಸ್ಪೀಡ್’ ಪದದಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಡಚ್ಚಿನಲ್ಲಂತೂ ಎರಡೂ ಅರ್ಥಗಳು ಜೊತೆಯಾಗಿವೆ: ‘ಸ್ಪೂಡ್’ ಎಂದರೆ ತುರ್ತು, ‘ಫೋರ್‌ಸ್ಪೂಡ್’ ಎಂದರೆ ಏಳಿಗೆ. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಕೃತಿಯಲ್ಲಿ ನಮ್ಮ ಗಾದೆಯೂ ಕಾಣಿಸುತ್ತದೆ. ಯಶಸ್ಸಿನ ಅರ್ಥ ಆಗಿನ್ನೂ ಬಳಕೆಯಲ್ಲಿತ್ತು. ಆದ್ದರಿಂದ ಗಾದೆಯ ಮೂಲ ತಾತ್ಪರ್ಯ ನೇರವಾದದ್ದು: ಅವಸರ ಹೆಚ್ಚಿದಷ್ಟೂ ಕಾರ್ಯಸಿದ್ಧಿ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತ್ವರೆಯ ಅರ್ಥವೂ ‘ಸ್ಪೀಡ್’ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿಯೇ ಅಂಟಿಕೊಂಡಿತ್ತು. ಒಂದು ಅರ್ಥ ಅಳಿದು ಅದರ ಸ್ಥಾನಕ್ಕೆ ಇನ್ನೊಂದು ಬಂದಿತೆಂಬ ಸರಳ ಚಿತ್ರ ಆದಕಾರಣ ಸಲ್ಲದು. ಶತಮಾನಗಳ ಕಾಲ ಎರಡೂ ಜೊತೆಯಾಗಿದ್ದವು. ಕ್ರಮೇಣ ಒಂದು ಮುನ್ನೆಲೆಗೆ ಬಂದಿತು, ಇನ್ನೊಂದು ಕೆಲವು ಸಿದ್ಧಪ್ರಯೋಗಗಳಲ್ಲಿ ಮಾತ್ರ ಉಳಿಯಿತು. ಗಾದೆಯ ರೂಪ ಬದಲಾಗಲಿಲ್ಲ. ಅದನ್ನು ಕೇಳುವವರ ಗ್ರಹಿಕೆ ಬದಲಾಯಿತು.

ಕನ್ನಡದ ‘ಆತುರ’ ಪದದಲ್ಲಿಯೂ ಹೋಲುವ ಚರಿತ್ರೆಯಿದೆ. ಸಂಸ್ಕೃತದಲ್ಲಿ ಅದು ಪೀಡಿತ, ರೋಗಿ ಎಂಬ ಅರ್ಥದ ಪದ. ಆಯುರ್ವೇದದಲ್ಲಿ ಈ ಅರ್ಥ ಇಂದಿಗೂ ಸಲ್ಲುತ್ತದೆ. ಕನ್ನಡದ ಆಡುಮಾತಿನಲ್ಲಿ ಅದು ಅವಸರವಾಗಿದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುವಾಗ ಯಾರೂ ರೋಗಿಯನ್ನು ನೆನೆಯುವುದಿಲ್ಲ. ಹಿಂಸೆಯಿಂದ ಒಂದು, ಪೀಡೆಯಿಂದ ಇನ್ನೊಂದು, ಎರಡೂ ಪದಗಳು ತ್ವರೆಯನ್ನು ತಲುಪಿವೆ. ಆದರೆ ಇಂದು ಅವುಗಳಲ್ಲಿ ಕಾಣುವ ನಿಂದೆಯ ಛಾಯೆಯನ್ನು ಆ ಮೂಲಗಳಿಗೇ ಆರೋಪಿಸುವುದು ದುಡುಕಾದೀತು; ಅದನ್ನು ನಿರ್ಣಯಿಸಬೇಕಾದದ್ದು ಆಯಾ ಕಾಲದ ಪ್ರಯೋಗಗಳಿಂದ.

ಪದವೊಂದರ ಚರಿತ್ರೆಯನ್ನು ಅದರ ನೆರೆಯ ಪದಗಳಿಂದ ಬೇರ್ಪಡಿಸಿ ಬರೆಯಲಾಗದು. ‘ಹೇಸ್ಟ್’ ಪದದ ವ್ಯುತ್ಪತ್ತಿಯನ್ನಷ್ಟೇ ಬಲ್ಲವರಿಗೆ ಈ ಗಾದೆ ತೆರೆದುಕೊಳ್ಳುವುದಿಲ್ಲ. ಅದರ ಬೀಗದ ಕೈ ‘ಸ್ಪೀಡ್’ ಪದದಲ್ಲಿದೆ. ಅನುವಾದಕರೂ ನಿಘಂಟುಕಾರರೂ ಇಲ್ಲಿ ‘ವೇಗ’ ಎಂದು ಬರೆಯುವ ಮುನ್ನ ‘ಸಿದ್ಧಿ’ ಎಂಬುದನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.